ಹೊಸ ಕೋಸ್ಟರ್ ತೆರೆಯುವ ಮುಂಚಿನ ಗಲಾಟೆ: ಯಾವ ಮಾತನ್ನು ನಂಬಬಹುದು?

ಯಾವುದೇ ಪಾರ್ಕ್ ಹೊಸ ರೋಲರ್ ಕೋಸ್ಟರ್ ಘೋಷಿಸಿದ ದಿನದಿಂದ ಬಾಗಿಲು ತೆರೆಯುವವರೆಗೆ ಅಭಿಮಾನಿಗಳ ಮಾತು ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತದೆ. ಆನಿಮೇಷನ್ ವಿಡಿಯೊ ಬಂದಾಗ "ಬೆಂಕಿ!" ಕಂಬಗಳು ಎದ್ದಾಗ "ಎಂತ ಮಾರಾಯ್ರೆ, ಇಷ್ಟೇನಾ?" ಖಾಲಿ ಟ್ರೈನ್ ಓಡಿಸಿದ ವಿಡಿಯೊ ಬಂತೆಂದರೆ "ಇದಕ್ಕಿಂತ ಕರಾವಳಿ ಉತ್ಸವದ ಡ್ರ್ಯಾಗನ್ ಟ್ರೈನೇ ಜೋರು."

ಮಂಗಳೂರು, ಉಡುಪಿಯವರಿಗೆ ಇದು ಬರೇ ಹರಟೆ ಅಲ್ಲ. ದೊಡ್ಡ ಕೋಸ್ಟರ್ ಬೇಕೆಂದರೆ ನಾವು ಊರು ಬಿಟ್ಟು ಹೋಗಬೇಕು. ಒಂದೋ ರಾತ್ರಿ ಬಸ್ಸಿನಲ್ಲಿ ಶಿರಾಡಿ ಹತ್ತಿ ಬಿಡದಿಯ ವಂಡರ್‌ಲಾ, ಇಲ್ಲವೋ ಮತ್ಸ್ಯಗಂಧದಲ್ಲಿ ಪನ್ವೇಲ್ ಇಳಿದು ಖೋಪೋಲಿ ಕಡೆಯ ಇಮ್ಯಾಜಿಕಾ. ಗಲ್ಫಿನಲ್ಲಿ ಅಣ್ಣನೋ ಭಾವನೋ ಇದ್ದರೆ ಅಬುಧಾಬಿಯ ಫೆರಾರಿ ವರ್ಲ್ಡ್. ಟಿಕೆಟ್, ರೂಮು, ರಜೆ ಎಲ್ಲ ಸೇರಿಸಿದರೆ ಸಣ್ಣ ಖರ್ಚಲ್ಲ. ಹಾಗಾಗಿ ತೆರೆಯುವ ಮುಂಚಿನ ಮಾತಿನಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ಗೊತ್ತಿದ್ದರೆ ಒಳ್ಳೆಯದು.

ಮೊದಲು ಪ್ರಚಾರದ ಅಂಕಿಗಳನ್ನು ನೋಡಿ. ಬರೇ ಗುರುತ್ವಾಕರ್ಷಣೆಯಿಂದ ಇಳಿಯುವ ಕೋಸ್ಟರಿನ ಗರಿಷ್ಠ ವೇಗವನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಇಳಿಜಾರು ಎಷ್ಟು ಮೀಟರ್ ಕೆಳಗೆ ಬರುತ್ತದೋ ಅದರ ವರ್ಗಮೂಲವನ್ನು 16ರಿಂದ ಗುಣಿಸಿದರೆ ಗಂಟೆಗೆ ಕಿ.ಮೀ. ಲೆಕ್ಕದಲ್ಲಿ ವೇಗ ಸಿಗುತ್ತದೆ. 25 ಮೀಟರ್ ಇಳಿದರೆ 80, 36 ಮೀಟರ್ ಇಳಿದರೆ 96, 49 ಮೀಟರ್ ಇಳಿದರೆ 112. ಗಾಳಿ ಮತ್ತು ಚಕ್ರದ ಘರ್ಷಣೆಗೆ ಇದರಲ್ಲೂ ಸ್ವಲ್ಪ ಹೋಗುತ್ತದೆ. ಪೋಸ್ಟರಿನಲ್ಲಿ ಇದಕ್ಕಿಂತ ತೀರಾ ಜಾಸ್ತಿ ಬರೆದಿದ್ದರೆ ಎಲ್ಲೋ ಲಾಂಚ್ ಮೋಟಾರ್ (ಟ್ರೈನನ್ನು ತಳ್ಳಿ ವೇಗ ಕೊಡುವ ಯಂತ್ರ) ಇರಬೇಕು, ಇಲ್ಲದಿದ್ದರೆ ಅಂಕಿ ಉಬ್ಬಿಸಿದ್ದಾರೆ. ರಿಯಾದ್ ಹತ್ತಿರದ ಕಿದ್ದಿಯಾದಲ್ಲಿರುವ ಫಾಲ್ಕನ್ಸ್ ಫ್ಲೈಟ್ 195 ಮೀಟರ್ ಎತ್ತರ, 250 ಕಿ.ಮೀ. ವೇಗ ಎಂದಾಗ ತುಂಬ ಜನ ನಂಬಲಿಲ್ಲ. ಆ ಪೂರ್ತಿ 195 ಮೀಟರ್ ನೆಟ್ಟಗೆ ಇಳಿದರೂ 223 ದಾಟುವುದಿಲ್ಲ, ನಿಜ. ಆದರೆ ಅದರಲ್ಲಿ ಲಾಂಚ್ ಉಂಟು, ಲೆಕ್ಕ ಸರಿಹೋಗುತ್ತದೆ. ಅಬುಧಾಬಿಯ ಫಾರ್ಮುಲಾ ರೊಸ್ಸಾದ್ದೂ ಇದೇ ಕಥೆ. ಎತ್ತರ 52 ಮೀಟರ್ ಮಾತ್ರ, ವೇಗ 240. ಅದು ಬರುವುದು ಹೊರಡುವಾಗಿನ ಹೈಡ್ರಾಲಿಕ್ ಎಳೆತದಿಂದ, ಅದೂ ಐದು ಸೆಕೆಂಡಿನ ಒಳಗೆ.

ಹೆಸರುಗಳಲ್ಲೂ ಗೊಂದಲ ಉಂಟು. "ಇನ್ವರ್ಟೆಡ್" ಎಂದ ಕೂಡಲೇ ಇಡೀ ದಾರಿ ತಲೆಕೆಳಗು ಎಂದುಕೊಳ್ಳುವವರಿದ್ದಾರೆ. ಹಳಿ ತಲೆಯ ಮೇಲೆ, ಸೀಟು ಅದರಡಿಯಲ್ಲಿ ನೇತಾಡುತ್ತದೆ, ಇನ್ವರ್ಟೆಡ್ ಎಂದರೆ ಅಷ್ಟೇ. ಇಮ್ಯಾಜಿಕಾದ ನೈಟ್ರೊ ಫ್ಲೋರ್‌ಲೆಸ್ ಜಾತಿ: ಹಳಿ ಕೆಳಗೇ ಇರುತ್ತದೆ, ಹೊರಡುವ ಮುಂಚೆ ಕಾಲಡಿಯ ನೆಲ ಸರಿದು ಕಾಲು ಗಾಳಿಯಲ್ಲಿ ಉಳಿಯುತ್ತದೆ. ಬಿಡದಿಯ ರೀಕಾಯಿಲ್ ಬೂಮರಾಂಗ್ ಮಾದರಿ, ಮುಂದೆ ಹೋದ ದಾರಿಯಲ್ಲೇ ಹಿಮ್ಮುಖವಾಗಿ ವಾಪಸ್ ಬರುತ್ತದೆ. ಮೂರರ ಅನುಭವವೂ ಬೇರೆ ಬೇರೆ, ಒಂದನ್ನು ಇನ್ನೊಂದರ ಅಳತೆಯಲ್ಲಿ ತೂಗಿ ಫಲವಿಲ್ಲ.

ಆನಿಮೇಷನ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಅದರಲ್ಲಿ ಟ್ರೈನ್ ತೂಗುವುದಿಲ್ಲ, ಅದುರುವುದಿಲ್ಲ, ಕಂಬಗಳನ್ನು ಅರ್ಧಕ್ಕರ್ಧ ಬಿಟ್ಟಿರುತ್ತಾರೆ. ಹಳಿಯ ಆಕಾರ ನೋಡಿಕೊಂಡು ಮುಚ್ಚಿಬಿಡಿ.

ಹೆಚ್ಚು ತಪ್ಪು ತೀರ್ಪು ಬರುವುದು ಟೆಸ್ಟ್ ರನ್ ವಿಡಿಯೊದ ಮೇಲೆ. "ತುಂಬ ನಿಧಾನ" ಎನ್ನುವ ಕಮೆಂಟು ಪ್ರತಿ ಕೋಸ್ಟರಿಗೂ ಬೀಳುತ್ತದೆ. ಮೊದಲ ವಾರಗಳ ಓಟ ನಿಧಾನವಾಗಿರಲು ಕಾರಣ ಬೇಕಾದಷ್ಟಿವೆ. ಕೋಸ್ಟರಿನ ಒಂದೊಂದು ಚಕ್ರದ ಕಟ್ಟಿನಲ್ಲೂ ಮೂರು ಬಗೆ: ಭಾರ ಹೊರುವುದು ಹಳಿಯ ಮೇಲೆ, ಪಕ್ಕಕ್ಕೆ ಸರಿಯದಂತೆ ತಡೆಯುವುದು ಬದಿಯಲ್ಲಿ, ಮೇಲಕ್ಕೆ ಹಾರದಂತೆ ಹಿಡಿಯುವುದು ಹಳಿಯ ಕೆಳಗೆ. ಇವುಗಳ ಹೊದಿಕೆ ಸಾಮಾನ್ಯವಾಗಿ ಪಾಲಿಯುರೆಥೇನ್, ಅಂದರೆ ರಬ್ಬರಿನಂಥ ಪ್ಲಾಸ್ಟಿಕ್. ಹೊಸತಾಗಿ, ತಣ್ಣಗಿದ್ದಾಗ ಅದು ಶಕ್ತಿಯನ್ನು ಹೆಚ್ಚು ನುಂಗುತ್ತದೆ. ಬೇರಿಂಗಿನ ಗ್ರೀಸೂ ಗಟ್ಟಿ ಇರುತ್ತದೆ. ಹತ್ತಾರು ಸುತ್ತು ಓಡಿ ಬಿಸಿಯಾದ ಮೇಲೆ ಅದೇ ಟ್ರೈನ್ ಸಲೀಸಾಗಿ ಉರುಳುತ್ತದೆ. ಬೆಳಿಗ್ಗೆ ಹತ್ತು ಗಂಟೆಯ ಓಟಕ್ಕೂ ಮಧ್ಯಾಹ್ನ ಮೂರರ ಓಟಕ್ಕೂ ವ್ಯತ್ಯಾಸ ಕಾಣುವುದು ಇದರಿಂದಲೇ. ಖಾಲಿ ಟ್ರೈನ್ ಹಗುರ, ಗಾಳಿಯ ತಡೆ ಅದಕ್ಕೆ ಹೆಚ್ಚು ತಾಗುತ್ತದೆ. ಜನ ತುಂಬಿದ ಟ್ರೈನ್ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಆಮೇಲೆ ನೀರು ತುಂಬಿದ ಪ್ಲಾಸ್ಟಿಕ್ ಡಮ್ಮಿಗಳನ್ನು ಕೂರಿಸಿ ಓಡಿಸುತ್ತಾರೆ. ಡಮ್ಮಿ ಕೂತ ವಿಡಿಯೊ ಬರುವವರೆಗೆ ವೇಗದ ಬಗ್ಗೆ ಬಾಯಿ ಬಿಡದಿರುವುದೇ ಕ್ಷೇಮ.

ಆದರೂ ಅಳೆಯಲೇಬೇಕೆಂದರೆ ಕಣ್ಣಂದಾಜು ಬೇಡ, ಫ್ರೇಮ್ (ವಿಡಿಯೊದ ಒಂದೊಂದು ಬಿಡಿ ಚಿತ್ರ) ಎಣಿಸಿ. ಡ್ರೋನ್ ವಿಡಿಯೊ ಬಿಡಿ, ದೂರದಿಂದ ಎಲ್ಲವೂ ಆಮೆ. ನೆಲದ ಮೇಲೆ ನಿಂತು, ಕ್ಯಾಮೆರಾ ಅಲುಗಾಡದೆ ತೆಗೆದದ್ದು ಬೇಕು. ಒಂದು ಕಂಬವನ್ನು ಗುರುತಿಗೆ ಇಟ್ಟುಕೊಂಡು, ಟ್ರೈನಿನ ಮೂತಿ ಅದನ್ನು ಮುಟ್ಟಿದ ಫ್ರೇಮಿನಿಂದ ಬಾಲ ದಾಟಿದ ಫ್ರೇಮಿನವರೆಗೆ ಎಣಿಸಿ. ಟ್ರೈನ್ 12 ಮೀಟರ್ ಉದ್ದ, ಸೆಕೆಂಡಿಗೆ 30 ಫ್ರೇಮಿನ ವಿಡಿಯೊ, ದಾಟಲು 15 ಫ್ರೇಮ್ ಬೇಕಾಯಿತು ಎಂದಿಟ್ಟುಕೊಳ್ಳಿ. ಅರ್ಧ ಸೆಕೆಂಡಿಗೆ 12 ಮೀಟರ್, ಅಂದರೆ ಸೆಕೆಂಡಿಗೆ 24 ಮೀಟರ್, ಗಂಟೆಗೆ ಸುಮಾರು 86 ಕಿ.ಮೀ. ಒಂದು ಫ್ರೇಮ್ ಆಚೀಚೆ ಆದರೂ ಐದಾರು ಕಿ.ಮೀ. ವ್ಯತ್ಯಾಸ ಬರುತ್ತದೆ, ಆದ್ದರಿಂದ ಎರಡು ಮೂರು ಕಡೆ ಎಣಿಸಿ ಸರಾಸರಿ ತೆಗೆಯಿರಿ. ಸ್ಲೋ ಮೋಷನ್ ಮಾಡಿ ಹಾಕಿದ್ದಲ್ಲ ಎಂದು ಮೊದಲೇ ನೋಡಿಕೊಳ್ಳಿ.

ಇನ್ನೊಂದು ಗಾಬರಿ: ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ ಟ್ರೈನ್ ಸಿಕ್ಕಿ ನಿಂತ ಫೋಟೊ. ಕೂಡಲೇ "ಡಿಸೈನೇ ತಪ್ಪು, ಇದು ಡೇಂಜರ್" ಎಂದು ಹಬ್ಬಿಸುತ್ತಾರೆ. ಟೆಸ್ಟಿಂಗ್ ಹಂತದಲ್ಲಿ ಇದು ಆಗುವ ಸಂಗತಿ. ತಣ್ಣನೆಯ ಚಕ್ರ, ಖಾಲಿ ಟ್ರೈನ್, ಎದುರು ಗಾಳಿ ಮೂರೂ ಸೇರಿದರೆ ಮುಂದಿನ ದಿಬ್ಬ ಹತ್ತಲು ಕಸುವು ಸಾಲುವುದಿಲ್ಲ. ಹಿಂದಕ್ಕೂ ಮುಂದಕ್ಕೂ ತೂಗಿ ತಗ್ಗಿನಲ್ಲಿ ನಿಲ್ಲುತ್ತದೆ. ವಿಂಚ್ ಕಟ್ಟಿ ಎಳೆಯುತ್ತಾರೆ, ಆಗದಿದ್ದರೆ ಕ್ರೇನ್ ತಂದು ಬೋಗಿ ಬಿಚ್ಚಿ ಇಳಿಸುತ್ತಾರೆ. ಮತ್ತೆ ಕೆಲವು ಚಕ್ರಗಳನ್ನು ಗಟ್ಟಿಯಾದ ನೈಲಾನಿಗೆ ಬದಲಾಯಿಸಬಹುದು. ನೈಲಾನ್ ವೇಗವಾಗಿ ಉರುಳುತ್ತದೆ, ಅದುರುವುದು ಮಾತ್ರ ಸ್ವಲ್ಪ ಹೆಚ್ಚು. ತಲೆ ಕೆಡಿಸಿಕೊಳ್ಳಬೇಕಾದದ್ದು ತೆರೆದು ತಿಂಗಳುಗಳಾದ ಮೇಲೂ ಇದೇ ಆಗುತ್ತಿದ್ದರೆ.

ಬ್ರೇಕಿನ ಬಗ್ಗೆ ಬರುವ ಪ್ರಶ್ನೆ "ಕರೆಂಟು ಹೋದರೆ?" ಮೆಸ್ಕಾಂ ನಾಡಿನವರಿಗೆ ಸಹಜವೇ. ಈಗಿನ ಕೋಸ್ಟರುಗಳ ಮ್ಯಾಗ್ನೆಟಿಕ್ ಬ್ರೇಕಿಗೆ ಕರೆಂಟೇ ಬೇಡ. ಶಾಶ್ವತ ಅಯಸ್ಕಾಂತ ಮತ್ತು ಲೋಹದ ಪಟ್ಟಿ ಒಂದರ ಪಕ್ಕ ಒಂದು ಹಾದರೆ ಸಾಕು, ವೇಗ ತಾನಾಗಿ ಇಳಿಯುತ್ತದೆ. ಅದು ಪೂರ್ತಿ ನಿಲ್ಲಿಸಲಾರದು, ಕೊನೆಗೆ ಹಿಡಿದು ನಿಲ್ಲಿಸಲು ಬೇರೆ ಬ್ರೇಕ್ ಇರುತ್ತದೆ. ಗಾಳಿಯ ಒತ್ತಡದಲ್ಲಿ ನಡೆಯುವ ಬ್ರೇಕುಗಳಲ್ಲೂ ಸಾಮಾನ್ಯವಾಗಿ ಕಚ್ಚುವುದು ಸ್ಪ್ರಿಂಗ್, ಬಿಡಿಸುವುದು ಗಾಳಿ. ಒತ್ತಡ ಹೋದರೆ ಬ್ರೇಕ್ ಕಚ್ಚಿಕೊಳ್ಳುತ್ತದೆ. ಚೈನ್ ಟ್ರೈನನ್ನು ದಿಬ್ಬದ ಮೇಲಕ್ಕೆ ಎಳೆಯುವಾಗ ಕೇಳುವ ಟಕ್ ಟಕ್ ಸದ್ದು ಹಿಂದಕ್ಕೆ ಜಾರದಂತೆ ಹಲ್ಲಿಗೆ ಬೀಳುವ ಕೊಕ್ಕೆಯದ್ದು. ಕೆಲವು ಹೊಸ ಕೋಸ್ಟರುಗಳಲ್ಲಿ ಸದ್ದು ಬಾರದಂತೆ ಮಾಡಿದ್ದಾರೆ, ಅಲ್ಲಿ ಕೇಳಿಸದಿದ್ದರೆ ಹೆದರಬೇಡಿ.

ಯಾರೂ ಚರ್ಚಿಸದ, ಆದರೆ ನಿಮ್ಮ ಇಡೀ ದಿನವನ್ನು ನಿರ್ಧರಿಸುವ ಸಂಗತಿ ಸಾಮರ್ಥ್ಯ. ಟ್ರೈನಿನಲ್ಲಿ 28 ಸೀಟು, ಒಂದೇ ಟ್ರೈನ್, ಮೂರು ನಿಮಿಷಕ್ಕೊಮ್ಮೆ ಬಿಟ್ಟರೆ ಗಂಟೆಗೆ 560 ಜನ. ಎರಡು ಟ್ರೈನ್ ಇದ್ದು ಒಂದೂವರೆ ನಿಮಿಷಕ್ಕೊಮ್ಮೆ ಬಿಟ್ಟರೆ 1,120. ನಿಮ್ಮ ಮುಂದೆ 800 ಜನ ನಿಂತಿದ್ದರೆ ಮೊದಲನೆಯದರಲ್ಲಿ ಸುಮಾರು ಒಂದೂವರೆ ಗಂಟೆ, ಎರಡನೆಯದರಲ್ಲಿ ಮುಕ್ಕಾಲು ಗಂಟೆ. ಬೂಮರಾಂಗ್ ಮಾದರಿಯಲ್ಲಿ ಟ್ರೈನ್ ಬಂದ ದಾರಿಯಲ್ಲೇ ಮರಳುವುದರಿಂದ ಎರಡನೇ ಟ್ರೈನ್ ಹಾಕಲು ಸಾಧ್ಯವೇ ಇಲ್ಲ. ಟೆಸ್ಟ್ ವಿಡಿಯೊದಲ್ಲಿ ಹಳಿಯ ಮೇಲೆ ಒಂದೇ ಸಮಯಕ್ಕೆ ಎಷ್ಟು ಟ್ರೈನ್ ಕಾಣುತ್ತದೆ ನೋಡಿ. ಪಾರ್ಕಿನ ಪೋಸ್ಟರಿಗಿಂತ ಹೆಚ್ಚು ಸುದ್ದಿ ಅದರಲ್ಲಿರುತ್ತದೆ.

ಮೊದಲ ದಿನಗಳಿಗೇ ದೂರದಿಂದ ಟಿಕೆಟ್ ಮಾಡುವುದು ನಮಗೆ ಸರಿ ಕಾಣುವುದಿಲ್ಲ. ಉದ್ದ ಸಾಲು ಒಂದು ಕಾರಣ, ಹೇಳಿದ ದಿನಕ್ಕೆ ಓಡುತ್ತದೆಂಬ ಖಾತ್ರಿ ಇಲ್ಲದ್ದು ಇನ್ನೊಂದು. ಅಮೆರಿಕದ ಸೀಡರ್ ಪಾಯಿಂಟಿನ ಟಾಪ್ ಥ್ರಿಲ್ 2 ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿ ಹೊಸದಾಗಿ ಕಟ್ಟಿ 2024ರ ಮೇ ತಿಂಗಳಲ್ಲಿ ತೆರೆಯಿತು. ಸುಮಾರು ಒಂದು ವಾರ ಓಡಿ, ಬೋಗಿಗಳನ್ನು ಸರಿಪಡಿಸಬೇಕೆಂದು ನಿಂತದ್ದು ಮತ್ತೆ ಜನರನ್ನು ಹತ್ತಿಸಿದ್ದು 2025ರಲ್ಲಿ. ಫಾಲ್ಕನ್ಸ್ ಫ್ಲೈಟ್ ಘೋಷಣೆಯಾದದ್ದು 2019ರಲ್ಲಿ, ಬಾಗಿಲು ತೆರೆದದ್ದು 2025ರ ಡಿಸೆಂಬರ್ 31ರಂದು. ರಿಯಾದಿನಲ್ಲಿರುವ ನೆಂಟರ ಬಾಯಿಂದ "ಬರುವ ವರ್ಷ" ಎಂದು ಕೇಳಿ ಕೇಳಿ ಸಾಕಾದವರು ನಮ್ಮಲ್ಲೇ ಇದ್ದಾರೆ.

ಮಳೆಗಾಲದಲ್ಲಿ ಹೋಗುವವರು ಒಂದು ತಿಳಿದಿರಲಿ: ಸಿಡಿಲು, ಜೋರು ಗಾಳಿ ಬಂದರೆ ಮೊದಲು ನಿಲ್ಲುವುದು ಎತ್ತರದ ಕೋಸ್ಟರ್. ಒದ್ದೆಯಾದರೆ ಟ್ರೈನನ್ನು ತಳ್ಳುವ ರಬ್ಬರ್ ಟೈರುಗಳೂ ಜಾರುತ್ತವೆ. ಮಕ್ಕಳ ಎತ್ತರವನ್ನು ಮನೆಯಲ್ಲೇ ಚಪ್ಪಲಿ ಬಿಚ್ಚಿ ಅಳೆದು, ಆ ಕೋಸ್ಟರಿನ ಮಿತಿಯನ್ನು ಪಾರ್ಕಿನ ತಾಣದಲ್ಲಿ ನೋಡಿಕೊಂಡೇ ಹೊರಡಿ. ಸೀಟಿನ ವಿಚಾರಕ್ಕೆ ಬಂದರೆ, ನೋಟ ಬೇಕಾದವರಿಗೆ ಮುಂದಿನ ಸಾಲು. ಇಳಿಜಾರಿನಲ್ಲಿ ಸೀಟಿನಿಂದ ಎತ್ತಿ ಎಸೆದಂತಾಗಬೇಕು ಎನ್ನುವವರಿಗೆ ಹಿಂದಿನದು. ಮುಂದಿನ ಬೋಗಿಗಳು ಆಗಲೇ ಇಳಿಯುತ್ತಿರುವಾಗ ಹಿಂದಿನದನ್ನು ತುದಿಯ ಮೇಲಿಂದ ಸೆಳೆದುಬಿಡುತ್ತವೆ. ಸೊಂಟ ನೋವಿನವರು ನಡುವಿನ ಬೋಗಿ ಹಿಡಿದು, ಚಕ್ರದ ನೇರ ಮೇಲಿನ ಸಾಲನ್ನು ತಪ್ಪಿಸಿ ಕೂತುಕೊಳ್ಳಿ.