ಕದಲದ ಸೂರು

ಸ್ಟುಟ್‌ಗಾರ್ಟಿಗೆ ಸಂಶೋಧನೆಗೆಂದು ಬಂದ ಮೊದಲ ಚಳಿಗಾಲವನ್ನು ನಾನು ಬಹುತೇಕ ಒಂದೇ ಸೂರಿನ ಲೆಕ್ಕದಲ್ಲಿ ಕಳೆದೆ. ನಾಡಹೆಂಚೊಂದನ್ನು ಕವುಚಿ ಹಾಕಿ, ಬಾಗಿದ ಎರಡು ತುದಿಗಳಿಗೆ ಮಾತ್ರ ಆಸರೆ ಕೊಟ್ಟು, ಉದ್ದನೆಯ ಅಂಚುಗಳನ್ನು ಹಾಗೆಯೇ ಬಿಟ್ಟರೆ ಹೇಗಿರುತ್ತದೋ ಹಾಗಿರುವ ಸೂರು ಅದು. ಉದ್ದ 50 ಅಡಿ, ತ್ರಿಜ್ಯ 25 ಅಡಿ, ದಪ್ಪ ಕೇವಲ 0.25 ಅಡಿ. ಹೊರಬೇಕಾದದ್ದು ತನ್ನದೇ ಭಾರವನ್ನು. ಬರ್ಕಲಿಯ ಸ್ಕಾರ್ಡೆಲಿಸ್ ಮತ್ತು ಲೋ 1964ರಲ್ಲಿ ಪ್ರಕಟಿಸಿದ ಈ ಲೆಕ್ಕದ ಕೆಳಗೆ, ತೆಳುವಾದ ಬಾಗಿದ ರಚನೆಗಳಿಗೆ, ಎಂದರೆ ಶೆಲ್‌ಗಳಿಗೆ, ಪ್ರೋಗ್ರಾಂ ಬರೆಯುವವರೆಲ್ಲರೂ ಒಮ್ಮೆ ಹಾದುಹೋಗಲೇಬೇಕು. ಉದ್ದನೆಯ ಅಂಚಿನ ನಡುಬಿಂದು 0.3024 ಅಡಿಯಷ್ಟು ಕೆಳಗಿಳಿದರೆ ಪ್ರೋಗ್ರಾಂ ಈ ಪರೀಕ್ಷೆಯಲ್ಲಿ ಪಾಸಾದಂತೆ.

ನನ್ನ ಸೂರು ಅದರ ಕಾಲುಭಾಗವೂ ಇಳಿಯಲಿಲ್ಲ. ಇಳಿಯದ ಸೂರು ಗಟ್ಟಿಯಾದ ಸೂರು ಎಂದು ಎರಡು ದಿನ ಒಳಗೊಳಗೇ ಹಿಗ್ಗಿದ್ದೆ. ಮಾರ್ಗದರ್ಶಕರು ನೋಡಿ, ಇದು ಬಲವಲ್ಲ, ಹಠ ಎಂದರು.

ಆ ಹಠಕ್ಕೆ ಇಲ್ಲಿ ಎಲ್ಲರೂ ಹೇಳುವ ಹೆಸರು ಲಾಕಿಂಗ್. ಅದನ್ನು ವಿವರಿಸಲು ನನಗೆ ಅಡಿಕೆ ಹಾಳೆಗಿಂತ ಒಳ್ಳೆಯ ಸಾಧನ ಸಿಕ್ಕಿಲ್ಲ. ನೆನೆಸಿದ ಹಾಳೆಯನ್ನು ಎರಡು ಬೆರಳಿನಿಂದ ಬಾಗಿಸಬಹುದು, ಆದರೆ ಎಷ್ಟೇ ಜಗ್ಗಿದರೂ ಅದು ಹಿಗ್ಗುವುದಿಲ್ಲ. ಆದ್ದರಿಂದಲೇ ಹಾಳೆಟೊಪ್ಪಿ ಮಾಡುವವರು ಅದನ್ನು ತಲೆಯ ಆಕಾರಕ್ಕೆ ಎಳೆಯದೆ, ತುದಿಗಳನ್ನು ಮಡಿಸಿ ಹೊಲಿಯುತ್ತಾರೆ. ಹಿಗ್ಗಿಸದೆ ಅಥವಾ ಕುಗ್ಗಿಸದೆ ಸಮತಟ್ಟಾದ ಹಾಳೆಯನ್ನು ಎರಡೂ ದಿಕ್ಕಿಗೆ ಗುಂಡಗಾಗಿಸಲಾಗದೆಂದು ಇದೇ ದೇಶದ ಗಾಸ್ 1827ರಲ್ಲಿ ಗಣಿತದಲ್ಲಿ ತೋರಿಸಿದ್ದನ್ನು ನಮ್ಮ ಮಲೆನಾಡಿನವರು ಸೂಜಿದಾರದಲ್ಲಿ ತೋರಿಸುತ್ತಾರೆ.

ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ಇಡೀ ಸೂರನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಒಡೆದು, ಪ್ರತಿ ತುಣುಕಿನ ಚಲನೆಯನ್ನು ಸರಳವಾದ ಸೂತ್ರವೊಂದರಿಂದ ಅಂದಾಜಿಸುತ್ತೇವೆ. ಸೂತ್ರ ತೀರಾ ಸರಳವಾದರೆ ತುಣುಕಿಗೆ ಹಿಗ್ಗದೆ, ಜಾರದೆ ಬರಿದೇ ಬಾಗುವುದು ತಿಳಿಯುವುದಿಲ್ಲ. ಬಾಗಿಸಲು ಹೋದಾಗಲೆಲ್ಲ, ವಾಸ್ತವದಲ್ಲಿ ಇಲ್ಲದ ಒಂದಿಷ್ಟು ಹಿಗ್ಗುವಿಕೆ ಲೆಕ್ಕದೊಳಗೆ ನುಸುಳುತ್ತದೆ. ದಪ್ಪ ಗೋಡೆಗಾದರೆ ಇದು ಅಷ್ಟೇನೂ ಬಾಧಿಸದು. ಆದರೆ ಬಾಗುವಿಕೆಯ ಬಿಗಿತ ದಪ್ಪದ ಘನವನ್ನೂ ಹಿಗ್ಗುವಿಕೆಯ ಬಿಗಿತ ಬರೀ ದಪ್ಪವನ್ನೂ ಅನುಸರಿಸುವುದರಿಂದ, ದಪ್ಪವನ್ನು ಹತ್ತನೇ ಒಂದಕ್ಕೆ ಇಳಿಸಿದರೆ ಮೊದಲನೆಯದು ಸಾವಿರ ಪಟ್ಟು ಕುಸಿಯುತ್ತದೆ, ಎರಡನೆಯದು ಹತ್ತೇ ಪಟ್ಟು. ನುಸುಳಿದ ಸುಳ್ಳು ಹಿಗ್ಗುವಿಕೆ ಆಗ ನೂರು ಪಟ್ಟು ದೊಡ್ಡದಾಗಿ ಕಾಣುತ್ತದೆ, ತುಣುಕು ಮರಗಟ್ಟುತ್ತದೆ. ವಸ್ತು ತೆಳುವಾದಷ್ಟೂ ಲೆಕ್ಕ ಕೆಡುವುದು ಈ ಕಾರಣದಿಂದ.

ಮದ್ದುಗಳು ಹಲವಿವೆ. ಲೆಕ್ಕ ಹಾಕುವ ಬಿಂದುಗಳನ್ನು ಕಡಿಮೆ ಮಾಡಿದರೆ ಹಠ ಬಿಡುತ್ತದೆ, ಆದರೆ ಕೆಲವೊಮ್ಮೆ ಮೆಶ್, ಎಂದರೆ ತುಣುಕುಗಳ ಇಡೀ ಬಲೆ, ಮರಳುಗಡಿಯಾರದ ಆಕಾರದಲ್ಲಿ ಅಂಕೆಯಿಲ್ಲದೆ ಕುಣಿಯುತ್ತದೆ. ಡ್ವೋರ್ಕಿನ್ ಮತ್ತು ಬಾತೆ 1984ರಲ್ಲಿ ಸೂಚಿಸಿದಂತೆ, ವಿಕೃತಿಯನ್ನು, ಎಂದರೆ ತುಣುಕು ಹಿಗ್ಗುವ, ಜಾರುವ ಪ್ರಮಾಣವನ್ನು, ಅದು ನಂಬಲರ್ಹವಾಗಿರುವ ಬಿಂದುಗಳಲ್ಲಿ ಮಾತ್ರ ಅಳೆದು ಉಳಿದೆಡೆಗೆ ಹರಡುವುದು ನನಗೆ ಹೆಚ್ಚು ಹಿಡಿಸಿದ ದಾರಿ. ಅದನ್ನು ಅಳವಡಿಸಿ ಮೆಶ್ಶನ್ನು ಸೂಕ್ಷ್ಮಗೊಳಿಸುತ್ತ ಹೋದಂತೆ ನನ್ನ ಸೂರೂ ಮೆಲ್ಲಗೆ 0.30 ಅಡಿಯ ಆಸುಪಾಸಿಗೆ ಇಳಿಯಿತು. ಇಲ್ಲಿ ಬಹುಕಾಲ ಪಾಠ ಮಾಡಿದ ಎಕ್ಕೆಹಾರ್ಡ್ ರಾಮ್ ಶೆಲ್‌ಗಳನ್ನು ಸಂಗೀತ ನಾಟಕದ ಪ್ರಧಾನ ಗಾಯಕಿಗೆ ಹೋಲಿಸುತ್ತಿದ್ದರು. ನಾನಾದರೆ ಮೇಳದ ಮುಖ್ಯ ವೇಷಧಾರಿಗೆ ಹೋಲಿಸುತ್ತೇನೆ: ಮನಸ್ಸಿದ್ದರೆ ಇಡೀ ಆಟವನ್ನು ಒಬ್ಬನೇ ಹೊತ್ತಾನು, ಸಣ್ಣದೊಂದು ಲೋಪವಾದರೆ ರಂಗದಿಂದಲೇ ಇಳಿದು ಹೋದಾನು. ಇದು ಬರೀ ಚಮತ್ಕಾರದ ಮಾತಲ್ಲ. ತ್ರಿಜ್ಯವು ದಪ್ಪದ 500 ಪಟ್ಟಿರುವ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿದಾಗ, ಪುಸ್ತಕದ ಸೂತ್ರ ಹೇಳುವ ಭಾರದ ಮೂರನೇ ಒಂದು ಭಾಗವನ್ನಷ್ಟೇ ನಂಬಬಹುದೆಂದು ನಾಸಾದ 1960ರ ದಶಕದ ಕೈಪಿಡಿ ಎಚ್ಚರಿಸುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗುದಿಣ್ಣೆಗಳೇ ಇದಕ್ಕೆ ಕಾರಣವೆಂಬುದನ್ನು ಡಚ್ ಎಂಜಿನಿಯರ್ ಕಾಯ್ಟರ್ 1945ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದರು.

ಬೇಸಿಗೆಯಲ್ಲಿ ಸ್ವಿಟ್ಜರ್‌ಲೆಂಡಿಗೆ ಹೋಗಿ, ಡೈಟಿಂಗೆನ್ ಬಳಿಯ ಹೆದ್ದಾರಿಯ ಪೆಟ್ರೋಲ್ ಬಂಕೊಂದನ್ನು ನೋಡಿಬಂದೆ. ಹೈಂಜ್ ಇಸ್ಲರ್ 1968ರಲ್ಲಿ ಕಟ್ಟಿದ ಅಲ್ಲಿನ ಎರಡು ಕಾಂಕ್ರೀಟ್ ಶೆಲ್‌ಗಳು ತಲಾ ಮೂರು ಬಿಂದುಗಳ ಮೇಲೆ ನಿಂತು ಸುಮಾರು 31 ಮೀಟರ್ ಅಗಲಕ್ಕೆ ಚಾಚಿವೆ. ದಪ್ಪ ಸುಮಾರು 9 ಸೆಂಟಿಮೀಟರ್. ಅಗಲಕ್ಕೆ ಹೋಲಿಸಿದರೆ ಕೋಳಿಮೊಟ್ಟೆಯ ಚಿಪ್ಪೇ ಇದಕ್ಕಿಂತ ದಪ್ಪ. ಇಸ್ಲರ್ ಆಕಾರವನ್ನು ಸಮೀಕರಣದಲ್ಲಿ ಹುಡುಕಲಿಲ್ಲ. ಒದ್ದೆ ಬಟ್ಟೆಯನ್ನು ಮೂಲೆಗಳಲ್ಲಿ ಕಟ್ಟಿ ಜೋಲುಬಿಟ್ಟು, ಅದು ಗಟ್ಟಿಯಾದ ಮೇಲೆ ತಲೆಕೆಳಗು ಮಾಡಿ, ಆ ಮಾದರಿಯನ್ನು ಅಳೆದು ದೊಡ್ಡದಾಗಿಸಿದರು. ಜೋಲುವ ಬಟ್ಟೆಯಲ್ಲಿರುವುದು ಬರೀ ಎಳೆತವಾದ್ದರಿಂದ, ಕವುಚಿದ ಶೆಲ್ಲಿನಲ್ಲಿ ತನ್ನ ಭಾರಕ್ಕೆ ಇರುವುದು ಬಹುಮಟ್ಟಿಗೆ ಒತ್ತಡ ಮಾತ್ರ.

ಆ ರಾತ್ರಿ ಫೋಟೋ ಕಳಿಸಿದಾಗ ಅಪ್ಪ ಕೇಳಿದ್ದು ತೀರ್ಥಹಳ್ಳಿಯ ಮಳೆ ಕಂಡವರು ಕೇಳುವ ಪ್ರಶ್ನೆಯನ್ನೇ: “ಸೋರುವುದಿಲ್ಲವೇನೋ?” ಸದಾ ಒತ್ತಡದಲ್ಲಿರುವ ಕಾಂಕ್ರೀಟ್ ಬಿರುಕು ಬಿಡುವುದು ಕಡಿಮೆ, ಆದ್ದರಿಂದ ಇಸ್ಲರ್ ತಮ್ಮ ಇಂಥ ಶೆಲ್‌ಗಳಿಗೆ ನೀರುತಡೆಯ ಲೇಪವನ್ನೇ ಹಚ್ಚುತ್ತಿರಲಿಲ್ಲ ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಅಡಿಕೆ ಗೋದಾಮಿಗೆ ಅಂಥದ್ದೊಂದನ್ನು ಹಾಕಿಸಲು ಎಷ್ಟಾದೀತೆಂದು ವಿಚಾರಿಸಿದರು. ಖರ್ಚಿರುವುದು ಕಾಂಕ್ರೀಟಿಗಲ್ಲ, ಸೆಂಟ್ರಿಂಗಿಗೆ. ಮರವನ್ನು ಎರಡೂ ದಿಕ್ಕಿಗೆ ಬಾಗಿಸಿ ಅಚ್ಚು ಕಟ್ಟುವ ಕೂಲಿ ಹೆಚ್ಚಾದ ಮೇಲೆ ಇಲ್ಲಿಯೂ ಇಂಥ ಸೂರುಗಳನ್ನು ಕಟ್ಟಿಸುವವರು ಕಡಿಮೆಯಾದರು ಎಂದು ತಿಳಿಸಿದೆ.

“ಹಾಗಾದರೆ ಹೆಂಚೇ ಇರಲಿ” ಎಂದರು ಅಪ್ಪ.