ಕೂಸಿನ ಕೌದಿ: ಹಳೇ ಅರಿವಿಯ ಗಂಟಿನಿಂದ ತೊಟ್ಟಿಲವರೆಗೆ

ಮಾರ್ಚ್ 23, ಭಾನುವಾರ

ನಮ್ಮ ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆಯ ಗದ್ದಲ ಸ್ವಲ್ಪ ಇಳಿದಿದೆ. ಇವತ್ತು ಬೆಳಿಗ್ಗೆ ನಮ್ಮ ಗಲ್ಲಿಗೆ ಹಳೇ ಅರಿವಿಗೆ ಭಾಂಡೆ ಕೊಡೋ ಅಕ್ಕ ಬಂದಿದ್ದರು. ತಲೆ ಮೇಲೆ ಸ್ಟೀಲ್ ಡಬ್ಬಿಗಳ ಬುಟ್ಟಿ, ಬಗಲಿಗೆ ಬಟ್ಟೆ ಗಂಟು. ಎಲ್ಲರೂ ಬಟ್ಟೆ ಕೊಟ್ಟು ಡಬ್ಬಿ ತಗೊಳ್ಳುತ್ತಾರೆ. ನಾನು ದುಡ್ಡು ಕೊಟ್ಟು ಬಟ್ಟೆ ಕೇಳಿದೆ. "ಇವು ಉಡ್ಲಿಕ್ಕಿ ಬರಂಗಿಲ್ಲ ಯವ್ವಾ, ಹಳೇವು" ಅಂದರು. ಕೌದಿ, ಅಂದರೆ ಹಳೇ ಬಟ್ಟೆಯ ಪದರಗಳನ್ನ ಸೇರಿಸಿ ಮಾಡುವ ಹೊದಿಕೆ, ಹೊಲಿಯಲಿಕ್ಕೆ ಬೇಕು ಅಂದ ಮೇಲೆ ಗಂಟು ಪೂರ್ತಿ ಬಿಚ್ಚಿ ಕಟ್ಟೆ ಮೇಲೆ ಹರವಿದರು.

ನನಗೆ ಸಿಕ್ಕಿದ್ದು ಇಷ್ಟು: ಎರಡು ಕಾಟನ್ ಸೀರೆ, ಒಡಲು ಹರಿದ ಒಂದು ಇಳಕಲ್ ಸೀರೆ, ಗಂಡಸರ ಮೂರು ಶರ್ಟು, ಎರಡು ಜೀನ್ಸ್ ಪ್ಯಾಂಟು. ಎಲ್ಲಾ ಸೇರಿ 250 ರೂಪಾಯಿ. ಮನೆಯಲ್ಲಿ ಅಪ್ಪನ ಎರಡು ಹಳೇ ಧೋತರ ಇದ್ದವು, ಅವನ್ನೂ ಸೇರಿಸಿದೆ.

ತಂಗಿ ಸೇಡಂನಲ್ಲಿ ಅವ್ವನ ಮನೆಗೆ ಬಂದಿದ್ದಾಳೆ. ಮೇ ಕೊನೆಗೆ ಅವಳ ಹೆರಿಗೆ. ನಮ್ಮ ಕಡೆ ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕಲ್ಲ, ಹಳೇ ಮೆತ್ತನೆ ಬಟ್ಟೆಯಲ್ಲೇ ಸುತ್ತುತ್ತಾರೆ. ನೂರಾರು ಸಲ ಒಗೆಸಿಕೊಂಡ ಹತ್ತಿ ಬಟ್ಟೆಯಷ್ಟು ಮೆತ್ತಗೆ ಇನ್ನೊಂದಿಲ್ಲ ಅಲ್ವಾ? ಅದಕ್ಕೇ ಈ ಕೌದಿ. ಅಳತೆ 36 ಇಂಚು ಅಗಲ, 42 ಇಂಚು ಉದ್ದ. ಇದು ನನ್ನ ಮೊದಲ ಕೌದಿ. ಇಲ್ಲಿಯವರೆಗೆ ಮಷೀನಿನಲ್ಲಿ ಚೀಲ, ದಿಂಬಿನ ಕವರು, ಹಳೇ ಚೂಡಿದಾರದಿಂದ ಮಕ್ಕಳ ಫ್ರಾಕು, ಅಷ್ಟೇ ಹೊಲಿದಿದ್ದೇನೆ.

ಮಾರ್ಚ್ 26

ಮೊದಲ ತಪ್ಪು ಒಗೆಯೋದರಲ್ಲೇ ಆಯಿತು. ಎಲ್ಲವನ್ನೂ ಒಂದೇ ಟಬ್ಬಿನಲ್ಲಿ ನೆನೆಸಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಇಳಕಲ್ ಸೆರಗಿನ ಕೆಂಪು ಬಿಟ್ಟು ಅಪ್ಪನ ಬಿಳಿ ಧೋತರ ಗುಲಾಬಿ ಆಗಿತ್ತು. ಮನಸ್ಸಿಗೆ ಬಹಳ ಕೆಡುಕೆನಿಸಿತು. ಧೋತರ ಒಳಗಿನ ಪದರಕ್ಕೆ ಹೋಗುತ್ತದೆ, ಹೊರಗೆ ಕಾಣುವುದಿಲ್ಲ ಅನ್ನೋದೊಂದೇ ಸಮಾಧಾನ.

ಉಪ್ಪು ಹಾಕಿದ್ದರೆ ಬಣ್ಣ ನಿಲ್ಲುತ್ತಿತ್ತು ಅಂತ ಇಬ್ಬರು ಹೇಳಿದರು. ಹತ್ತಿಗೆ ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪು ಕೆಲಸಕ್ಕೆ ಬರುತ್ತದೆ ನಿಜ, ಆದರೆ ಆಮೇಲೆ ಬಿಡುವ ಬಣ್ಣವನ್ನ ಅದು ಹಿಡಿದಿಡುವುದಿಲ್ಲ. ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆಯನ್ನ ಗಟ್ಟಿಯಾಗಿ ಉಜ್ಜಿ ನೋಡೋದೇ ಸರಿಯಾದ ದಾರಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಅದನ್ನ ಬೇರೆಯಾಗಿ, ಹತ್ತುವುದು ನಿಲ್ಲುವವರೆಗೆ ಒಗೆಯಬೇಕು. ಈಗ ಸೆರಗಿನ ಜಾಲಾಡಿದ ನೀರನ್ನ ದಿನಾ ಗಾಜಿನ ಲೋಟದಲ್ಲಿ ಹಿಡಿದು ನೋಡುತ್ತಿದ್ದೇನೆ.

ಇನ್ನೊಂದು ಪರೀಕ್ಷೆ ಬೆಂಕಿಯದು. ಪ್ರತಿ ಬಟ್ಟೆಯ ಅಂಚಿನಿಂದ ಎರಡು ಎಳೆ ಕಿತ್ತು, ಸ್ಟೀಲ್ ತಟ್ಟೆಯ ಮೇಲೆ ಇಟ್ಟು ಕಡ್ಡಿ ಗೀರಿದೆ. ಹತ್ತಿ ಎಳೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಆಗುತ್ತದೆ. ಪಾಲಿಯೆಸ್ಟರ್ ಕರಗಿ, ಸುರುಟಿ, ಕರಿ ಮಣಿಯ ಹಾಗೆ ಗಟ್ಟಿಯಾಗುತ್ತದೆ. ಕಾಟನ್ ಅಂದುಕೊಂಡಿದ್ದ ಹಸಿರು ಸೀರೆಯ ತುದಿಯಲ್ಲಿ ಮಣಿ ಬಂತು. ನಮ್ಮೂರಿನ ಬಿಸಿಲಿಗೆ, ಬೆವರುವ ಕೂಸಿಗೆ ಅದು ಬೇಡ. ಪಕ್ಕಕ್ಕಿಟ್ಟೆ.

ಏಪ್ರಿಲ್ 2

ಯುಗಾದಿ ಕೆಲಸದಲ್ಲಿ ಕತ್ತರಿ ಮುಟ್ಟಲಾಗಲಿಲ್ಲ. ಇವತ್ತು ಸಂಜೆ ಕೂತೆ.

ಕತ್ತರಿಸುವ ಮೊದಲು ಪ್ರತಿ ಬಟ್ಟೆಯನ್ನೂ ಕಿಟಕಿಗೆ ಅಡ್ಡ ಹಿಡಿದು ನೋಡಿದೆ. ಇದನ್ನ ಯಾರೂ ಬಿಡಬಾರದು ಅನ್ನೋದು ನನ್ನ ಮಾತು. ಬಣ್ಣ ಚೆನ್ನಾಗಿದೆ, ಹೂವು ಚೆನ್ನಾಗಿದೆ ಅಂತ ಸುಮ್ನೆ ಕತ್ತರಿ ಹಾಕಿದರೆ ಆರು ತಿಂಗಳಿಗೆ ಆ ತುಂಡು ಬಾಯಿ ಬಿಡುತ್ತದೆ. ಹೊಲಿಗೆ ಗಟ್ಟಿ ಇರುತ್ತದೆ, ಬಟ್ಟೆ ಇರಲ್ಲ. ಬೆಳಕಿಗೆ ಹಿಡಿದರೆ ಸವೆದ ಜಾಗ ಜಾಲರಿಯ ಹಾಗೆ ಕಾಣುತ್ತದೆ. ಗಟ್ಟಿ ಜಾಗ ಮಬ್ಬಾಗಿ ಉಳಿಯುತ್ತದೆ.

ನೋಡುತ್ತಾ ಹೋದ ಹಾಗೆ ಉಟ್ಟವರ ಓಡಾಟ ಪೂರ್ತಿ ಕಂಡಿತು. ಸೀರೆಯಲ್ಲಿ ಮೊದಲು ಹೋಗೋದು ಕೂರುವ ಭಾಗ, ಆಮೇಲೆ ಹಿಮ್ಮಡಿಗೆ ತಾಗಿ ನೆಲ ಸವರುವ ಕೆಳಗಿನ ದಡಿ. ಸೊಂಟಕ್ಕೆ ಸಿಕ್ಕಿಸಿ ಒಳಸುತ್ತು ಹಾಕುವ ಮೊದಲ ಒಂದು ಗಜ ಹೊಸದರ ಹಾಗೇ ಇರುತ್ತದೆ, ಬಣ್ಣವೂ ಅಲ್ಲಿ ಜಾಸ್ತಿ. ಶರ್ಟಿನಲ್ಲಿ ಕಾಲರ್ ಮತ್ತು ತೋಳಿನ ತುದಿ ಹರಿಯುತ್ತವೆ. ಅದಕ್ಕೇ ಜನ ಶರ್ಟು ಬಿಸಾಡುತ್ತಾರೆ. ಆದರೆ ಬೆನ್ನಿನ ಕೆಳಭಾಗ ಗಟ್ಟಿಯಾಗಿರುತ್ತದೆ. ಒಂದು ಶರ್ಟಿನ ಜೇಬನ್ನ ಬ್ಲೇಡಿನಿಂದ ಬಿಡಿಸಿದೆ. ಕೆಳಗೆ ಜೇಬಿನ ಆಕಾರದಲ್ಲೇ ಅಚ್ಚ ನೀಲಿ ಚೌಕ. ಸುತ್ತಲಿನ ಬಟ್ಟೆ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗಿತ್ತು. ಆ ಚೌಕವನ್ನ ಹಾಗೇ ಉಳಿಸಿ, ಸುತ್ತ ಎರಡು ಇಂಚು ಬಿಟ್ಟು ಕತ್ತರಿಸಿದೆ. ಕೌದಿಯ ಒಂದು ಮೂಲೆಗೆ ಅದೇ.

ಇಳಕಲ್ ಸೀರೆಯಲ್ಲಿ ಒಡಲು ಮತ್ತು ಸೆರಗು ಕೂಡುವ ಜಾಗವನ್ನ ಹತ್ತಿರದಿಂದ ನೋಡಿ. ಎರಡರ ಹಾಸು ಎಳೆ, ಅಂದರೆ ಉದ್ದಕ್ಕೆ ಹೋಗುವ ಎಳೆ, ಬೇರೆ ಬೇರೆ. ಒಂದರ ಎಳೆಗೆ ಇನ್ನೊಂದರ ಎಳೆಯನ್ನ ಕೊಂಡಿ ಹಾಕಿ ಸೇರಿಸಿರುತ್ತಾರೆ. ಉಗುರಿನಿಂದ ಸವರಿದರೆ ಸಣ್ಣ ಗೆರೆಯ ಹಾಗೆ ಕೈಗೆ ಸಿಗುತ್ತದೆ. ಅದರ ಹತ್ತಿರ ಕತ್ತರಿ ಹಾಕಿದರೆ ಕೊಂಡಿ ಬಿಚ್ಚಿಕೊಳ್ಳುತ್ತಾ ಬರುತ್ತದೆ. ನಾನು ಎರಡೂ ಕಡೆ ನಾಲ್ಕು ಇಂಚು ಬಿಟ್ಟೆ. ಸೆರಗಿನಲ್ಲಿ ಬಿಳಿ ಹಣಿಗೆಯ, ಅಂದರೆ ಬಾಚಣಿಗೆ ಆಕಾರದ ನೇಯ್ಗೆಯ, ಹಲ್ಲುಗಳು ಸಾಲಾಗಿ ಕೂತಿವೆ. ಕೈಮಗ್ಗದ ಮುಂದೆ ಯಾರೋ ದಿನಗಟ್ಟಲೆ ಕೂತು ನೇಯ್ದದ್ದು ಡಬ್ಬಿಗೆ ಬದಲಾಗಿ ಹೋಗಿತ್ತಲ್ಲ ಅಂತ ಸಂಕಟ ಆಯಿತು.

ಏಪ್ರಿಲ್ 6, ಭಾನುವಾರ

ದಾರದ ಲೆಕ್ಕ ಹಾಕಿದೆ. ಕೌದಿಯ ವಿಸ್ತೀರ್ಣ 36 ಗುಣಿಸು 42, ಅಂದರೆ 1512 ಚದರ ಇಂಚು. ಸಾಲಿಗೂ ಸಾಲಿಗೂ ಅರ್ಧ ಇಂಚು. ಆಗ ಹೊಲಿಗೆಯ ಒಟ್ಟು ಉದ್ದ 3024 ಇಂಚು, 252 ಅಡಿ. ಮೀಟರಿನಲ್ಲಿ ಸುಮಾರು 77. ಗಂಟು ಹಾಕೋದು, ಪದರದಲ್ಲಿ ಮೇಲೆ ಕೆಳಗೆ ಹೋಗಿ ಬರೋದು ಸೇರಿಸಿ 100 ಮೀಟರ್ ಹಿಡಿದೆ. ಸೂಪರ್ ಮಾರ್ಕೆಟ್‌ನಲ್ಲಿ ದಪ್ಪನೆ ಹತ್ತಿ ದಾರ ತಂದೆ, ಬಿಳಿ ಒಂದು, ಕೆಂಪು ಒಂದು.

ಮೇಲ್ಪದರದ ತುಂಡುಗಳನ್ನೆಲ್ಲಾ ಮಷೀನಿನಲ್ಲಿ ಜೋಡಿಸಿದೆ. ಶಹಾಬಾದ್ ಕಲ್ಲಿನ ನೆಲ ಒರೆಸಿ, ಕೆಳಗೆ ಕಾಟನ್ ಸೀರೆ, ಅದರ ಮೇಲೆ ಧೋತರದ ಎರಡು ಪದರ, ಮೇಲೆ ಜೋಡಿಸಿದ ಬಟ್ಟೆ ಹಾಸಿದೆ. ನಾಲ್ಕು ಮೂಲೆಗೂ ಒಂದೊಂದು ಕಲ್ಲು ಹೇರಿ ಕಚ್ಚಾ ಹೊಲಿಗೆ ಹಾಕಿದೆ. ಮೊಬೈಲಿನಲ್ಲಿ ನೋಡಿದ ಹಾಗೆ ನಡುವಿನಿಂದ ಶುರು ಮಾಡಿದ್ದೇನೆ.

ಏಪ್ರಿಲ್ 9

ಬಿಚ್ಚಿದೆ. ಮೂರು ಸಂಜೆಯ ಹೊಲಿಗೆ ಪೂರ್ತಿ.

ಬಲಗಡೆ ಮೇಲ್ಪದರ ಉಬ್ಬಿ ನಿಂತಿತ್ತು. ಅಂಗೈಯಿಂದ ಒತ್ತಿದರೆ ಉಬ್ಬು ಪಕ್ಕಕ್ಕೆ ಸರಿಯುತ್ತಿತ್ತು, ಹೋಗುತ್ತಿರಲಿಲ್ಲ. ಎದುರು ಮನೆ ಆಯಿ ಹೊಸ್ತಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. "ಏನ್ ಹೊಲಿಲತ್ತೀ ಯವ್ವಾ?" ಅಂದರು. ಹೇಳಿದೆ. ಒಳಗೆ ಬಂದು ನೆಲದ ಮೇಲೆ ಕೂತರು. "ಮ್ಯಾಲಿಂದು ಮೊದಲೇ ಕೂಡಿಸಿ ಯಾಕ ಹೊಲ್ದಿ? ಅಂಚಿಂದ ಒಳಗ ಬಾ. ಒಂದೊಂದೇ ತುಂಡು ಇಟಗೋತ ಬಾ. ಅರಿವಿ ತನ್ನ ಜಾಗಾ ತಾನೇ ಹಿಡಿತದ."

ಆಯಿ ಮಾಡಿ ತೋರಿಸಿದ ಮೇಲೆ ವಿಷಯ ತಿಳಿಯಿತು. ಹಳೇ ಬಟ್ಟೆಗಳು ಒಂದೇ ರೀತಿ ಎಳೆಯುವುದಿಲ್ಲ. ಸೀರೆ ಸಡಿಲ, ಶರ್ಟು ಬಿಗಿ, ಸೆರಗು ಭಾರ. ಮೊದಲೇ ಒಂದು ಹಾಳೆಯ ಹಾಗೆ ಜೋಡಿಸಿಬಿಟ್ಟರೆ ಸಡಿಲು ಎಲ್ಲಾ ಒಂದು ಕಡೆ ಹೋಗಿ ಉಬ್ಬುತ್ತದೆ. ಒಂದು ತುಂಡು ಇಟ್ಟು, ಅದರ ಅಂಚು ಒಳಗೆ ಮಡಚಿ, ಅದರ ಮೇಲೆ ಹೊಲಿಗೆಯ ಸಾಲು ಬಂದ ಮೇಲೆ ಮುಂದಿನದನ್ನ ಅದರ ಕೆಳಗೆ ತೂರಿಸಿದರೆ, ಉಳಿದ ಸಡಿಲನ್ನ ಪ್ರತಿ ತುಂಡೂ ತನ್ನ ಮಡಿಕೆಯಲ್ಲೇ ನುಂಗಿಕೊಳ್ಳುತ್ತದೆ. ಇಷ್ಟು ಜಾಣತನ ನಮ್ಮ ಮನೆಗಳ ಹಾಸಿಗೆಯಲ್ಲಿ ಇತ್ತು, ದಿನಾ ಹೊದ್ದುಕೊಂಡೇ ಮಲಗುತ್ತಿದ್ದೆ, ಗೊತ್ತಿರಲಿಲ್ಲ.

ಮಷೀನಿನ ಹೊಲಿಗೆ ಬಿಡಿಸಲು ಎರಡು ದಿನ ಬೇಕು.

ಏಪ್ರಿಲ್ 20, ಭಾನುವಾರ

ಅಂಚಿನಿಂದ ಒಳಗೆ ಎಂಟು ಸುತ್ತು ಬಂದಿದೆ. ನಡು ಮುಟ್ಟಲು ಒಟ್ಟು 36 ಸುತ್ತು. ಹೊರಗಿನ ಸುತ್ತು 13 ಅಡಿ, ಒಳಗೆ ಹೋದಂತೆ ಕಡಿಮೆ ಆಗುತ್ತಾ ಹೋಗುತ್ತದೆ. ಮೊದಲ ವಾರ ಏನೂ ಮುಂದೆ ಹೋಗುತ್ತಿಲ್ಲ ಅನಿಸಿದರೆ ಗಾಬರಿ ಆಗಬೇಡಿ, ದೊಡ್ಡ ಸುತ್ತುಗಳು ಮೊದಲೇ ಬರುತ್ತವೆ. ಗಂಟೆಗೆ 12 ಅಡಿ ನನ್ನ ಕೈಗೆ ಬರುತ್ತಿದೆ.

ದಾರ ಒಂದು ಮೊಳದಷ್ಟೇ ತಗೊಳ್ಳಿ. ಉದ್ದ ತಗೊಂಡರೆ ಸಿಕ್ಕಾಗುತ್ತದೆ, ಪ್ರತಿ ಸಲ ಬಟ್ಟೆಯಲ್ಲಿ ತೂರಿ ತೂರಿ ತೆಳುವೂ ಆಗುತ್ತದೆ. ಮೇಣದ ಬತ್ತಿಯ ಮೇಲೆ ಒಂದು ಸಲ ಎಳೆದುಕೊಂಡರೆ ಸರಾಗ. ಬೇಸಿಗೆಯಲ್ಲಿ ಇನ್ನೊಂದು ತೊಂದರೆ ಇದೆ. ಬಿಸಿಲಿನ ಪಾರಾ 40 ಡಿಗ್ರಿ ದಾಟಿದ ಮೇಲೆ ಬೆವರಿನ ಬೆರಳಿಗೆ ಸೂಜಿ ಜಾರುತ್ತದೆ, ಬಿಳಿ ದಾರ ಮಾಸುತ್ತದೆ. ಈಗ ಬೆಳಿಗ್ಗೆ ಐದೂವರೆಗೆ ಎದ್ದು ಕೂರುತ್ತೇನೆ. ಕಲ್ಲಿನ ನೆಲ ಆ ಹೊತ್ತಿಗೆ ತಣ್ಣಗಿರುತ್ತದೆ. ಆಯಿ ತಮ್ಮ ಚಹಾ ಹಿಡಿದು ಬಂದು ಪಕ್ಕದಲ್ಲಿ ಕೂರುತ್ತಾರೆ. ಮಾತು ಕಡಿಮೆ. ನನ್ನ ಹೊಲಿಗೆ ದೊಡ್ಡದಾದರೆ ಸಾಲಿನ ಮೇಲೆ ಬೆರಳಿಡುತ್ತಾರೆ, ಅಷ್ಟೇ.

ಏಪ್ರಿಲ್ 27

ಬೆರಳು ನೋವು. ಕೌದಿಗೆ ನಾಲ್ಕು ದಿನ ಬಿಡುವು ಕೊಟ್ಟು ಜೀನ್ಸಿನಿಂದ ಚೀಲ ಹೊಲಿದೆ, ಕಣ್ಣಿ ಮಾರ್ಕೆಟ್‌ಗೆ ತರಕಾರಿಗೆ ಒಯ್ಯಲು.

ಜೀನ್ಸಿನಲ್ಲಿ ಮೊಣಕಾಲು ಮತ್ತು ತೊಡೆಯ ಒಳಭಾಗ ತೆಳುವಾಗಿರುತ್ತವೆ. ಮೀನಖಂಡದ ಹಿಂದಿನ ಭಾಗ ಗಟ್ಟಿ. ಚೀಲದ ತಳಕ್ಕೆ ಅದನ್ನೇ ಹಾಕಿದೆ. ಸೊಂಟದ ಪಟ್ಟಿಯೇ ಹಿಡಿಕೆ. ಮಷೀನಿಗೆ 16 ನಂಬರಿನ ಸೂಜಿ, ಹೊಲಿಗೆ ಸ್ವಲ್ಪ ಉದ್ದ. ನಾಲ್ಕೈದು ಪದರ ಕೂಡುವ ಕಡೆ ಮೊದಲು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಚಪ್ಪಟೆ ಮಾಡಿದೆ. ಮಷೀನಿನ ಪಾದ ದಪ್ಪ ಜಾಗ ಹತ್ತುವಾಗ ಮುಂದೆ ಎದ್ದು ನಿಲ್ಲುತ್ತದೆ, ಅಲ್ಲೇ ಸೂಜಿ ಮುರಿಯೋದು. ಪಾದದ ಹಿಂಭಾಗದ ಕೆಳಗೆ ಮಡಚಿದ ರಟ್ಟಿನ ತುಂಡು ಇಟ್ಟರೆ ಸಮ ಆಗುತ್ತದೆ. ಪಾಲಿಯೆಸ್ಟರ್ ಹಸಿರು ಸೀರೆ ಅಸ್ತರ್ ಆಯಿತು. ಐದು ಕಿಲೋ ಉಳ್ಳಾಗಡ್ಡಿ ತಡೆದಿದೆ.

ಮೇ 11, ಭಾನುವಾರ

ಸೆರಗಿನ ನೀರು ಏಳನೇ ಸಲಕ್ಕೆ ತಿಳಿಯಾಗಿತ್ತು. ಒದ್ದೆ ಬಿಳಿ ಬಟ್ಟೆಗೂ ಬಣ್ಣ ಹತ್ತಲಿಲ್ಲ. ಅದಕ್ಕೇ ಧೈರ್ಯ ಮಾಡಿ ಹಣಿಗೆಯ ತುಂಡನ್ನ ನಡುವಿಗೆ ಇಟ್ಟೆ. ಸೆರಗು ಜಾರುತ್ತದೆ, ಸೂಜಿ ಹೋದ ತೂತು ಕಾಣುತ್ತದೆ. ಹಾಗಾಗಿ ಅಲ್ಲಿ ಸಣ್ಣ ಸೂಜಿ ಹಿಡಿದು, ಹಲ್ಲುಗಳ ನಡುವಿನ ಕೆಂಪಿನಲ್ಲಿ ಮಾತ್ರ ಕೆಂಪು ದಾರದಿಂದ ಹೊಲಿದೆ. ಅಂಗೈಯಗಲದ ಜಾಗಕ್ಕೆ ಎರಡು ದಿನ ಹಿಡಿಯಿತು.

ನಾಲ್ಕು ಮೂಲೆಗೂ ಚೌಕ ತುಂಡು ಮಡಚಿ ಮಡಚಿ ಮುಕ್ಕೋಣ ಮಾಡಿ ಹೊಲಿದಿದ್ದೇನೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ತಮ್ಮ ಕೌದಿಗೆ, ಅವರು ಅದನ್ನ ಕವಂದಿ ಅನ್ನುತ್ತಾರೆ, ಹೀಗೆ ಹಾಕುತ್ತಾರೆ, ಅದಕ್ಕೆ ಫೂಲ ಅನ್ನುತ್ತಾರೆ. ಅವರ ಕವಂದಿಯೂ ಅಂಚಿನಿಂದಲೇ ಒಳಗೆ ಬರುತ್ತದೆ. ಆಯಿಗೆ ಮೊಬೈಲಿನಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿ, "ಅವರ ಕೈ ಛಲೋ ಅದ" ಅಂದರು.

ಮೇ 18

ಕೌದಿ ಒಗೆದು ಮಾಳಿಗೆ ಮೇಲೆ ಹಾಕಿದೆ. ಒಂದೇ ಗಂಟೆಗೆ ಒಣಗಿತು. ಹೊಲಿಗೆ ಬಿಗಿದು ಈಗ ಅಳತೆ 34 ಮುಕ್ಕಾಲು, 40 ಮುಕ್ಕಾಲು ಇಂಚು. ಮುಂದಿನ ಸಲ ಎರಡೂ ಕಡೆ ಒಂದೂವರೆ ಇಂಚು ಜಾಸ್ತಿ ಹಿಡಿಯಬೇಕು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 410 ಗ್ರಾಂ. ಬಲಗಡೆ ಉಬ್ಬಿಲ್ಲ. ಒಂದು ಕಡೆ ಸಾಲು ಸೊಟ್ಟ ಇದೆ, ಆಯಿ ಬಿಚ್ಚಬೇಡ ಅಂದರು.

ಮಧ್ಯಾಹ್ನದ ಬಸ್ಸಿಗೆ ಸೇಡಂಗೆ ಒಯ್ದೆ. ತಂಗಿ ಕೌದಿಯನ್ನ ಹೊಟ್ಟೆಯ ಮೇಲೆ ಹರವಿಕೊಂಡು ನೀಲಿ ಚೌಕದ ಮೇಲೆ ಕೈಯಾಡಿಸುತ್ತಾ, ಇದು ಯಾರ ಶರ್ಟು ಅಂತ ಕೇಳಿದಳು. ಗೊತ್ತಿಲ್ಲ ಅಂದೆ. ಅವ್ವ ಏನೂ ಹೇಳದೆ ಒಳಗೆ ಹೋಗಿ ಟ್ರಂಕಿನಿಂದ ತನ್ನ ಮೂರು ಹಳೇ ಸೀರೆ ತಂದು ಮುಂದಿಟ್ಟಳು. "ಇನ್ನೊಂದು ದೊಡ್ಡದು ಆಗ್ತದೇನು ನೋಡು."

ಕಿಟಕಿಗೆ ಹಿಡಿದು ನೋಡಿದೆ. ಮೂರರಲ್ಲೂ ಕೂರುವ ಭಾಗದ ಜೊತೆಗೆ ಎಡ ಸೊಂಟದ ಜಾಗವೂ ಜಾಲರಿ ಆಗಿತ್ತು. ಬಲಗಡೆ ಗಟ್ಟಿ ಇತ್ತು. ಯಾಕೆ ಹೀಗೆ ಅಂತ ಅವ್ವನನ್ನೇ ಕೇಳಿದೆ. "ನಿಮ್ಮಿಬ್ಬರನ್ನ ಆ ಬಗಲಾಗೇ ಎತಗೋತಿದ್ದೆ" ಅಂದಳು.

ಆ ತುಂಡು ಮೇಲ್ಪದರಕ್ಕೆ ತಡೆಯುವುದಿಲ್ಲ. ಒಳಗಿನ ಪದರಕ್ಕೆ ಹಾಕುತ್ತೇನೆ, ಮೂರನ್ನೂ ಒಂದರ ಮೇಲೊಂದು.