ಎರಡು ಕವಿತೆಗಳಲ್ಲಿ ಯಾವುದು ದೊಡ್ಡದು ಎಂದು ಕೇಳುವವರಿಗೆ

“ಮೇಡಂ, ಈ ಎರಡರಲ್ಲಿ ಯಾವುದು ದೊಡ್ಡ ಕವಿತೆ?” ರಾಯಚೂರಿನಲ್ಲಿ ಪದವಿ ತರಗತಿಗಳಿಗೆ ಸಾಹಿತ್ಯ ಪಾಠ ಮಾಡುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ವಿದ್ಯಾರ್ಥಿಗಳು ಕೇಳುತ್ತಾರೆ, ಅವರ ಮನೆಯವರು ಕೇಳುತ್ತಾರೆ, ಮೌಲ್ಯಮಾಪನಕ್ಕೆ ಹೋದರೆ ಪಕ್ಕದ ಮೇಜಿನ ಅಧ್ಯಾಪಕರೂ ಚಹಾ ಕುಡಿಯುತ್ತ ಕೇಳುತ್ತಾರೆ. ಯುದ್ಧ, ರಾಜ, ದಬ್ಬಾಳಿಕೆ ಇವುಗಳ ಮೇಲಿನ ಎರಡು ಪದ್ಯಗಳನ್ನು ಎದುರುಬದುರು ಇಟ್ಟು ‘ಹೋಲಿಸಿ ಬರೆಯಿರಿ’ ಎನ್ನುವುದು ಪ್ರಶ್ನೆಪತ್ರಿಕೆ ತೆಗೆಯುವವರಿಗೆ ರೂಢಿಯಾಗಿರುವುದರಿಂದ, ಪ್ರತಿ ವರ್ಷ ಪರೀಕ್ಷೆ ಹತ್ತಿರವಾದಂತೆ ಈ ಕಾಟ ಹೆಚ್ಚುತ್ತದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನು ಓದಿಕೊಳ್ಳಿ ಎನ್ನುತ್ತೇನೆ.

ಮೊದಲ ಮಾತು: ಪ್ರಶ್ನೆಯೇ ಸರಿಯಿಲ್ಲ. ಕವಿತೆಗಳನ್ನು ಕುಸ್ತಿಯ ಅಖಾಡಕ್ಕೆ ಇಳಿಸಿ ಯಾರ ಬೆನ್ನು ಮಣ್ಣಿಗೆ ತಾಗಿತು ಎಂದು ನೋಡುವ ಆಟ ನನಗೆ ಬೇಡ. ಎರಡನೆಯ ಮಾತು ‘ಎಷ್ಟು ಪಾಯಿಂಟ್ ಬರೆಯಬೇಕು’ ಎನ್ನುವವರಿಗೆ. ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಸಾಮ್ಯ, ಬಲಕ್ಕೆ ವ್ಯತ್ಯಾಸ ಎಂದು ತುಂಬಿಸಿ ತರುತ್ತೀರಿ. ಎಡಗಡೆಯ ಮೊದಲ ವಾಕ್ಯ ನನಗೆ ಬಾಯಿಪಾಠವಾಗಿದೆ: ‘ಎರಡೂ ಕವಿತೆಗಳು ಯುದ್ಧದ ಭೀಕರತೆಯನ್ನು ಮನಮುಟ್ಟುವಂತೆ ಚಿತ್ರಿಸಿವೆ.’ ಈ ವಾಕ್ಯವನ್ನು ಯಾವ ಎರಡು ಕವಿತೆಗಳ ಕೆಳಗೆ ಬೇಕಾದರೂ ಬರೆಯಬಹುದು. ಕವಿತೆಗಳನ್ನು ಓದದೆಯೂ ಬರೆಯಬಹುದು. ಇದು ನಮ್ಮ ಊರಿನ ಮಕ್ಕಳ ಕೊರತೆ ಎಂದು ಯಾರೂ ಭಾವಿಸಬೇಕಾಗಿಲ್ಲ. ಇಂಗ್ಲೆಂಡಿನ ಒಂದು ಪರೀಕ್ಷಾ ಮಂಡಳಿ ಹದಿನಾರರ ವಯಸ್ಸಿನ ಮಕ್ಕಳಿಗೆ ‘ಅಧಿಕಾರ ಮತ್ತು ಸಂಘರ್ಷ’ ಎಂಬ ಹೆಸರಿನ ಕವಿತಾಗುಚ್ಛವನ್ನೇ ಪಠ್ಯವಾಗಿ ಇಟ್ಟಿದೆ. ಅಲ್ಲಿ ಒಂದು ಕವಿತೆಯನ್ನು ಪ್ರಶ್ನೆಪತ್ರಿಕೆಯಲ್ಲಿ ಅಚ್ಚುಹಾಕಿ, ಅದಕ್ಕೆ ಹೋಲಿಸುವ ಇನ್ನೊಂದನ್ನು ನೆನಪಿನಿಂದ ಬರೆಯಲು ಹೇಳುತ್ತಾರೆ. ಆ ಮಕ್ಕಳಿಗೂ ಸಿದ್ಧ ವಾಕ್ಯಗಳನ್ನು ಮಾರುವ ಮಾರ್ಗದರ್ಶಿಗಳಿಗೆ ಕೊರತೆಯಿಲ್ಲ.

ಹಾಗಾದರೆ ಹೋಲಿಸುವುದು ಹೇಗೆ? ಅತ್ಯಂತ ಸಲೀಸಾದ ಜೋಡಿಯಿಂದಲೇ ತೋರಿಸುತ್ತೇನೆ. 1817ರ ಕೊನೆಯಲ್ಲಿ ಇಂಗ್ಲಿಷ್ ಕವಿ ಷೆಲ್ಲಿ ಮತ್ತು ಅವನ ಗೆಳೆಯ ಹೊರೇಸ್ ಸ್ಮಿತ್ ಇಬ್ಬರೂ ಪಂದ್ಯ ಕಟ್ಟಿದಂತೆ ಒಂದೇ ವಸ್ತುವಿನ ಮೇಲೆ ಹದಿನಾಲ್ಕು ಸಾಲಿನ ಪದ್ಯಗಳನ್ನು ಬರೆದರು. ವಸ್ತು ಒಜಿಮ್ಯಾಂಡಿಯಸ್, ಅಂದರೆ ಈಜಿಪ್ಟಿನ ದೊರೆ ಎರಡನೆಯ ರಾಮ್ಸೆಸ್. ‘ಎಕ್ಸಾಮಿನರ್’ ಪತ್ರಿಕೆಯಲ್ಲಿ ಷೆಲ್ಲಿಯದು 1818ರ ಜನವರಿ 11ರಂದು, ಸ್ಮಿತ್‌ನದು ಫೆಬ್ರವರಿ 1ರಂದು ಅಚ್ಚಾಯಿತು. ಷೆಲ್ಲಿಯ ಪದ್ಯವನ್ನು ಜಗತ್ತೆಲ್ಲ ಓದುತ್ತದೆ. ಮರುಭೂಮಿಯಲ್ಲಿ ನಿಂತ ಎರಡು ಕಲ್ಲಿನ ಕಾಲುಗಳು, ಮರಳಿನಲ್ಲಿ ಅರ್ಧ ಹೂತ ಮುಖ, ಆ ಮುಖದ ಮೇಲೆ ಆಜ್ಞೆ ಕೊಟ್ಟು ರೂಢಿಯಾದವನ ತಾತ್ಸಾರ, ಪೀಠದ ಮೇಲೆ ‘ನನ್ನ ಕೆಲಸಗಳನ್ನು ನೋಡಿ ಎದೆಗುಂದಿರಿ’ ಎಂಬ ಬರಹ, ಸುತ್ತ ಬರಿಯ ಮರಳು. ಅಲ್ಲಿಗೆ ಪದ್ಯ ಮುಗಿಯುತ್ತದೆ. ಸ್ಮಿತ್ ಅಷ್ಟಕ್ಕೆ ಸುಮ್ಮನಾಗುವುದಿಲ್ಲ. ಮುಂದೊಂದು ದಿನ ತೋಳವನ್ನು ಬೆನ್ನಟ್ಟುವ ಬೇಟೆಗಾರನೊಬ್ಬ ಲಂಡನ್ ಇದ್ದ ಕಾಡಿಗೆ ಬಂದು, ಅಲ್ಲೊಂದು ಭಾರಿ ಕಲ್ಲಿನ ತುಂಡು ಕಂಡು, ಇಲ್ಲಿ ಬಾಳಿದ ಬಲಶಾಲಿ ಜನ ಯಾರಿರಬಹುದು ಎಂದು ಅಚ್ಚರಿಪಡುತ್ತಾನೆ ಎನ್ನುತ್ತಾನೆ.

ಇಲ್ಲಿ ಎಲ್ಲರೂ ಒಂದೇ ತೀರ್ಪು ಬರೆಯುತ್ತಾರೆ: ಷೆಲ್ಲಿ ಸೂಚಿಸಿದ, ಸ್ಮಿತ್ ವಾಚ್ಯ ಮಾಡಿದ, ಆದ್ದರಿಂದ ಷೆಲ್ಲಿ ಗೆದ್ದ. ಪದ್ಯದ ಕಟ್ಟಡ ನೋಡಿದರೆ ಷೆಲ್ಲಿಯದು ಬಿಗಿಯಾಗಿದೆ ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಸ್ಮಿತ್ ಲಂಡನ್ನಿನ ಷೇರು ದಲ್ಲಾಳಿ. ಅವನ ಅನ್ನ ಹುಟ್ಟುತ್ತಿದ್ದದ್ದು ಆ ನಗರದ ವ್ಯಾಪಾರದಿಂದ. ನೆಪೋಲಿಯನ್ ಸೋತು ಮೂರು ವರ್ಷವೂ ತುಂಬದ, ಬ್ರಿಟಿಷ್ ಅಧಿಕಾರ ಏರುತ್ತಿದ್ದ ಕಾಲ ಅದು. ನಮ್ಮ ಬಳ್ಳಾರಿ ಆಗಲೇ ಕಂಪನಿಯ ಕೈ ಸೇರಿತ್ತು. ಆ ಹೊತ್ತಿನಲ್ಲಿ ತನ್ನದೇ ಊರು ಹೆಸರಿಲ್ಲದೆ ಹಾಳುಬೀಳುವುದನ್ನು ಕಂಡು ಬರೆದವನನ್ನು ಎರಡನೆಯ ದರ್ಜೆಯವನೆಂದು ತಳ್ಳುವ ಮುನ್ನ ನಾನು ಒಂದು ನಿಮಿಷ ನಿಲ್ಲುತ್ತೇನೆ. ಷೆಲ್ಲಿಯ ರಾಜ ಸತ್ತು ಮೂರು ಸಾವಿರ ವರ್ಷಗಳಾಗಿದ್ದವು. ಪದ್ಯದ ಕುಸುರಿಯಲ್ಲಿ ಒಬ್ಬ ಮೇಲು, ಬೆರಳು ತೋರಿದ ದಿಕ್ಕಿನಲ್ಲಿ ಇನ್ನೊಬ್ಬ ಧೀರ. ಯಾವುದು ದೊಡ್ಡದು ಎಂಬ ಪ್ರಶ್ನೆ ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ನನ್ನ ಸಿಟ್ಟು ಇರುವುದು ಅಲ್ಲಿ.

ಈ ಪಾಠದ ಹಿಂದೆಯೇ ಒಮ್ಮೆ ತರಗತಿಯನ್ನು ನಮ್ಮ ಕೋಟೆಗೆ ಕರೆದುಕೊಂಡು ಹೋಗಿದ್ದೆ. ರಾಯಚೂರಿನ ಕೋಟೆಯ ಗೋಡೆಯಲ್ಲಿ 40 ಅಡಿಗೂ ಉದ್ದದ ಒಂದೇ ಕಲ್ಲಿನ ಚಪ್ಪಡಿ ಇದೆ. ಅದರ ಮೇಲೆ 1294ರ ಶಾಸನ. ಕಾಕತೀಯರ ಕಾಲದ ಗೋರೆ ಗನ್ನಯರೆಡ್ಡಿಯ ಹೆಸರು, ಅವನ ಕೈಕೆಳಗಿನ ವಿಠ್ಠಲನಾಥನ ಹೆಸರು, ಕೋಟೆ ಕಟ್ಟಿಸಿದ ಹೆಗ್ಗಳಿಕೆ. ಎರಡು ನದಿಗಳ ನಡುವಿನ ಈ ಎಡೆದೊರೆ ನಾಡಿಗಾಗಿ ಬಹಮನಿಗಳು, ವಿಜಯನಗರದವರು, ಆದಿಲ್‌ಶಾಹಿಗಳು ಮುಂದೆ ಎಷ್ಟು ಬಡಿದಾಡಿದರು, 1520ರಲ್ಲಿ ಕೃಷ್ಣದೇವರಾಯ ಇದೇ ಕೋಟೆಗಾಗಿ ಇಸ್ಮಾಯಿಲ್ ಆದಿಲ್‌ಶಾಹನ ಮೇಲೆ ಹೇಗೆ ಬಿದ್ದ ಎಂದೆಲ್ಲ ಹೇಳಿ, ಒಜಿಮ್ಯಾಂಡಿಯಸ್‌ನ ಪೀಠಕ್ಕೂ ಈ ಚಪ್ಪಡಿಗೂ ಏನು ಸಂಬಂಧ ಎಂದು ಕೇಳಿದೆ. ಹುಡುಗರು ‘ಅಧಿಕಾರ ಶಾಶ್ವತವಲ್ಲ ಮೇಡಂ’ ಎಂದು ಒಕ್ಕೊರಲಿನಿಂದ ಹೇಳಿ ನೆರಳಿಗೆ ಸರಿದರು. ಏಪ್ರಿಲ್ ಬಿಸಿಲು, ಅವರನ್ನು ದೂರಲಾರೆ.

ಮಾನ್ವಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಮಾತ್ರ ಗೋಡೆಯ ಬಳಿಯೇ ನಿಂತಿದ್ದಳು. ಅಲ್ಲಿ ಶಾಸನದ ಜೊತೆಗೆ ಕಲ್ಲಿನಲ್ಲಿ ಗೀರಿದ ಒಂದು ಚಿತ್ರವೂ ಇದೆ. ಆ ಚಪ್ಪಡಿಯನ್ನು ಬಂಡಿಯ ಮೇಲೆ ಹೇರಿ ತಂದ ಬಗೆಯ ಚಿತ್ರ ಅದು. ಸಾಲಾಗಿ ಕಟ್ಟಿದ ಕೋಣಗಳು, ಅವನ್ನು ಹುರಿದುಂಬಿಸುತ್ತಿರುವ ಆಳುಗಳು, ಗಾಲಿಗೆ ಮರದ ಸನ್ನೆ ಕೊಟ್ಟು ಮೀಟುತ್ತಿರುವವರು. ಆಕೆ ಒಬ್ಬೊಬ್ಬರನ್ನೇ ಬೆರಳಿನಿಂದ ತೋರಿಸುತ್ತ ಕೇಳಿದಳು: “ಮೇಡಂ, ಬರೆಸಿದವರ ಹೆಸರು ಬರಹದಲ್ಲಿದೆ. ಎಳೆದವರು ಚಿತ್ರದಲ್ಲಿದ್ದಾರೆ, ಹೆಸರಿಲ್ಲ. ಈ ಚಿತ್ರ ಬಿಡಿಸು ಎಂದು ಯಾರು ಹೇಳಿದರು?” ಜೊತೆಗೆ ಬಂದಿದ್ದ ಸಹೋದ್ಯೋಗಿಯೊಬ್ಬರು, “ಅದು ಪರೀಕ್ಷೆಗೆ ಬರುವುದಿಲ್ಲಮ್ಮಾ, ಇಸವಿ ಬರೆದುಕೊ” ಎಂದರು. ನನಗೆ ಅವರ ಮೇಲೆ ಬಂದ ಕೋಪ ಇಂದಿಗೂ ಪೂರ್ತಿ ಇಳಿದಿಲ್ಲ.

ಏಕೆಂದರೆ ಷೆಲ್ಲಿಯ ಪದ್ಯದ ಬೀಗದ ಕೈ ಆ ಹುಡುಗಿಯ ಪ್ರಶ್ನೆಯಲ್ಲಿತ್ತು. ಆ ಪದ್ಯದಲ್ಲಿ ರಾಜನಿದ್ದಾನೆ, ರಾಜನ ಮಾತಿದೆ, ನೋಡಿ ಬಂದ ಪ್ರಯಾಣಿಕನಿದ್ದಾನೆ, ಕೇಳಿಸಿಕೊಂಡ ‘ನಾನು’ ಇದ್ದಾನೆ. ಇವರೆಲ್ಲರ ನಡುವೆ, ರಾಜನ ತುಟಿಯ ಕೊಂಕನ್ನು ಸರಿಯಾಗಿ ಓದಿ ಕಲ್ಲಿಗೆ ಇಳಿಸಿದ ಶಿಲ್ಪಿಯೊಬ್ಬನಿದ್ದಾನೆ. ರಾಜನ ಸಂಬಳ ತಿಂದು, ರಾಜನ ಮುಖವನ್ನು ಕೆತ್ತುತ್ತಲೇ ಆ ಮುಖದ ಸತ್ಯವನ್ನು ಹೊರಗೆ ಹಾಕಿದವನು ಅವನು. ಸ್ಮಿತ್‌ನ ಪದ್ಯದಲ್ಲಿ ಈ ಶಿಲ್ಪಿಯೇ ಇಲ್ಲ. ಕಲ್ಲು ತಾನಾಗಿ ಮಾತಾಡುತ್ತದೆ. ಹೋಲಿಕೆ ಎಂದರೆ ಇದು. ಯಾರಿದ್ದಾರೆ, ಯಾರಿಲ್ಲ, ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂದು ಎರಡೂ ಪದ್ಯಗಳಲ್ಲಿ ಒಂದೇ ಕಡೆ ಬೆರಳಿಟ್ಟು ನೋಡುವುದು.

ಇದೇ ಕಣ್ಣಿನಿಂದ ಪಂಪನ ಆದಿಪುರಾಣದ ಭರತನನ್ನು ನೋಡಿ. ಷಟ್ಖಂಡಗಳನ್ನು ಗೆದ್ದ ಚಕ್ರವರ್ತಿ ತನ್ನ ಪ್ರಶಸ್ತಿಯನ್ನು, ಅಂದರೆ ತನ್ನನ್ನು ಹೊಗಳುವ ಬರಹವನ್ನು, ಕೆತ್ತಿಸಲು ವೃಷಭಾಚಲವೆಂಬ ಬೆಟ್ಟಕ್ಕೆ ಬರುತ್ತಾನೆ. ಬಂದು ನೋಡಿದರೆ ಬೆಟ್ಟದಲ್ಲಿ ಜಾಗವೇ ಇಲ್ಲ. ಹಿಂದೆ ಗೆದ್ದವರ ಹೆಸರುಗಳಿಂದ ಬಂಡೆ ತುಂಬಿಹೋಗಿದೆ. ಅವನ ಗರ್ವ ಇಳಿಯುತ್ತದೆ. ಆಮೇಲೆ? ಹಿಂದಿನವನೊಬ್ಬನ ಪ್ರಶಸ್ತಿಯನ್ನು ಅಳಿಸಿ ಆ ಜಾಗದಲ್ಲಿ ತನ್ನದನ್ನು ಬರೆಸುತ್ತಾನೆ. ಷೆಲ್ಲಿಯ ರಾಜನಿಗೆ ತನ್ನ ಗತಿ ಗೊತ್ತಾಗುವುದೇ ಇಲ್ಲ, ನೋಡುಗನಿಗೆ ಮಾತ್ರ ಗೊತ್ತು. ಪಂಪನ ರಾಜನಿಗೆ ಎಲ್ಲವೂ ಗೊತ್ತಾಗುತ್ತದೆ, ಗೊತ್ತಾದ ಮೇಲೂ ಅವನ ಕೈ ತಡೆಯುವುದಿಲ್ಲ. ಪಂಪನದು ಅಧಿಕಾರದ ಬಗ್ಗೆ ಹೆಚ್ಚು ಭಯ ಹುಟ್ಟಿಸುವ ತಿಳಿವಳಿಕೆ ಎಂದು ನಾನು ನಂಬುತ್ತೇನೆ. 941ರಲ್ಲಿ ಕನ್ನಡದಲ್ಲಿ ಇಷ್ಟು ಬರೆದವನಿದ್ದಾನೆ. ಆದರೂ ‘ಇಂಥ ಕವಿತೆ ನಮ್ಮಲ್ಲಿ ಇದೆಯೇ ಮೇಡಂ’ ಎಂದು ಕೇಳುವವರಿದ್ದಾರೆ. ಕನ್ನಡದ ತಿರುಳಿನ ನಾಡನ್ನು ಹೇಳುವಾಗ ಕವಿರಾಜಮಾರ್ಗ ಪಕ್ಕದ ಕೊಪ್ಪಳದ ಹೆಸರನ್ನೇ ಹೇಳಿದೆ. ಈ ಸೀಮೆಯವರು ಆ ಪ್ರಶ್ನೆ ಕೇಳಬಾರದು.

ನನ್ನನ್ನು ಯಾರೂ ಕೇಳದ, ಆದರೆ ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಬೇರೆ ಇದೆ. ಈ ಕವಿ ಯಾರ ಅನ್ನ ಉಣ್ಣುತ್ತಿದ್ದ, ಉಂಡ ಮೇಲೂ ಎಷ್ಟು ಹೇಳಿದ?

1854ರ ಅಕ್ಟೋಬರ್ 25ರಂದು, ಕ್ರಿಮಿಯಾ ಯುದ್ಧದಲ್ಲಿ, ಬಾಲಕ್ಲಾವಾ ಎಂಬಲ್ಲಿ ತಪ್ಪು ಆಜ್ಞೆಯಿಂದಾಗಿ ಬ್ರಿಟಿಷ್ ಕುದುರೆ ಸವಾರರ ದಳವೊಂದು ರಷ್ಯನ್ ಫಿರಂಗಿಗಳ ಬಾಯಿಗೆ ನೇರವಾಗಿ ನುಗ್ಗಿತು. ಟೆನಿಸನ್ ಆಗ ಇಂಗ್ಲೆಂಡಿನ ಆಸ್ಥಾನಕವಿ. ಪತ್ರಿಕೆಯ ವರದಿ ಓದಿ ಬರೆದ ಅವನ ಪದ್ಯ ಡಿಸೆಂಬರ್ 9ಕ್ಕೆ ಅಚ್ಚಾಯಿತು. ಆರು ನೂರು ಸವಾರರ ಶೌರ್ಯವನ್ನು ಗೊರಸಿನ ಲಯದಲ್ಲಿ ಹಾಡುವ ಆ ಪದ್ಯದಲ್ಲಿ ಒಂದೇ ಒಂದು ಸಾಲು ಆಳುವವರ ಕಡೆ ತಿರುಗುತ್ತದೆ: ಯಾರೋ ಒಬ್ಬರು ಎಡವಿದ್ದರು ಎನ್ನುತ್ತದೆ. ಯಾರು ಎಂದು ಹೇಳುವುದಿಲ್ಲ. 1855ರಲ್ಲಿ ಪುಸ್ತಕಕ್ಕೆ ಸೇರಿಸುವಾಗ ಟೆನಿಸನ್ ಆ ಸಾಲನ್ನೂ ತೆಗೆದುಬಿಟ್ಟ. ಮುಂದೆ ಮತ್ತೆ ಸೇರಿಸಿದ. ಅವನನ್ನು ಹೇಡಿ ಎನ್ನುವ ವಿದ್ಯಾರ್ಥಿಗಳಿದ್ದಾರೆ. ಮರಳಿ ಸೇರಿಸಿದ್ದಕ್ಕಾಗಿ ನಾನು ಅವನ ಪರ ವಾದಿಸುತ್ತೇನೆ, ಆದರೆ ಪೂರ್ತಿ ಗೆಲ್ಲಲು ನನ್ನಿಂದಾಗಿಲ್ಲ.

ನಮ್ಮ ಸೀಮೆಯ ಊರುಗಳಲ್ಲಿ ಕಾಣುವ ವೀರಗಲ್ಲುಗಳನ್ನೂ ಇದರ ಪಕ್ಕದಲ್ಲಿಡಿ. ಕೆಳಗೆ ಕಾಳಗ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಗೆದ್ದರೆ ಲಕ್ಷ್ಮಿ, ಸತ್ತರೆ ಸುರಾಂಗನೆ, ಕ್ಷಣಿಕವಾದ ದೇಹಕ್ಕೆ ರಣದಲ್ಲಿ ಸಾವಿನ ಚಿಂತೆ ಏಕೆ ಎಂಬ ಸಂಸ್ಕೃತ ಶ್ಲೋಕ ಕರ್ನಾಟಕದ ಅನೇಕ ವೀರಗಲ್ಲುಗಳ ಮೇಲಿದೆ. ಅಲ್ಲಿ ಯಾರೂ ಎಡವಿಲ್ಲ, ಯಾರೂ ತಪ್ಪಿಲ್ಲ. ಸಾಯಲು ಕಳಿಸುವವರಿಗೆ ಇದಕ್ಕಿಂತ ಅನುಕೂಲವಾದ ಪದ್ಯ ಇನ್ನೊಂದಿಲ್ಲ.

ಇನ್ನು ಪಂಪ. ಅರಿಕೇಸರಿಯ ಆಸ್ಥಾನದವನು, ಧರ್ಮಪುರದ ಅಗ್ರಹಾರವನ್ನು ಪಡೆದವನು. ವಿಕ್ರಮಾರ್ಜುನವಿಜಯದಲ್ಲಿ ಒಡೆಯನನ್ನು ಅರ್ಜುನನೊಂದಿಗೆ ಒಂದು ಮಾಡಿ ಹಾಡಬೇಕಾದ ಹೊಣೆ ಅವನದು, ಹಾಡಿದ. ಆದರೆ ಆ ಅರ್ಜುನನ ಬಾಣಕ್ಕೆ ಕರ್ಣ ಬಿದ್ದ ಮೇಲೆ ಕವಿಯೇ ಮುಂದೆ ಬಂದು ಹೇಳುತ್ತಾನೆ: ‘ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನ್ ಒಂದೆ ಚಿತ್ತದಿಂ ನೆನೆವೊಡೆ ಕರ್ಣನಂ ನೆನೆಯ’. ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ನೆನೆಯುವುದಾದರೆ ಕರ್ಣನನ್ನು ನೆನೆ. ಒಡೆಯನೇ ಅರ್ಜುನನಾಗಿರುವ ಕಾವ್ಯದಲ್ಲಿ, ಗೆದ್ದವನ ಸಭೆಯಲ್ಲಿ ನಿಂತು, ಸೋತವನನ್ನು ನೆನೆಯಿರಿ ಎಂದ. ರನ್ನನೂ ಹಾಗೆಯೇ. ತನ್ನ ಒಡೆಯ, ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನನ್ನಾಗಿ ಮಾಡಿ ಬರೆದ ಗದಾಯುದ್ಧದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನ ಜೊತೆಗೆ ನಮ್ಮನ್ನೂ ನಡೆಸುತ್ತಾನೆ. ತನ್ನ ಮಗ ಲಕ್ಷಣನ ಹೆಣವಿರುವ ಕಳದಲ್ಲೇ ಶತ್ರುವಿನ ಮಗ ಅಭಿಮನ್ಯುವಿಗೂ ಕೈಮುಗಿದು, ಅಂಥ ಸಾವು ತನಗೂ ಬರಲಿ ಎಂದು ಬೇಡುವ ದುರ್ಯೋಧನ ಅವನು.

ಟೆನಿಸನ್ ತೆಗೆದು ಮತ್ತೆ ಇಟ್ಟ ಒಂದು ಸಾಲು, ಪಂಪ ತೆಗೆಯದೆ ಬಿಟ್ಟ ಒಂದು ಪದ್ಯ. ಈ ಎರಡನ್ನು ಪಕ್ಕಪಕ್ಕ ಓದಿಕೊಂಡು ಬಂದವರು ನನ್ನ ಮೇಜಿನ ಮುಂದೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು, ಕೊನೆಯ ಮಾನ್ವಿ ಬಸ್ಸು ತಪ್ಪಿದರೆ ನಮ್ಮ ಮನೆಯಲ್ಲೇ ಊಟ ಮಾಡಿ ಉಳಿದುಕೊಳ್ಳಬಹುದು. ಎಷ್ಟು ಪಾಯಿಂಟ್ ಎಂದು ಕೇಳಲು ಬರುವವರು ಮಾತ್ರ ದಯವಿಟ್ಟು ಬರಬೇಡಿ.